ವಿಯೆಟ್ನಾಂ ಪ್ರವಾಸಕ್ಕೆ ಹಣ: ಡಾಲರೋ, ಡಾಂಗೋ, ಕಾರ್ಡೋ?

ಪ್ರಶ್ನೆ: "ನಾನು ಹಾಸನದಲ್ಲಿ ಪ್ರೌಢಶಾಲಾ ಶಿಕ್ಷಕಿ. ಬರುವ ರಜೆಯಲ್ಲಿ ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು ಮತ್ತು ಅತ್ತೆಯವರು ಎಂಟು ದಿನಗಳ ಮಟ್ಟಿಗೆ ವಿಯೆಟ್ನಾಂಗೆ ಹೊರಟಿದ್ದೇವೆ. ಹನೋಯ್, ಹಾ ಲಾಂಗ್ ಕೊಲ್ಲಿ, ದಾ ನಾಂಗ್ ಮತ್ತು ಹೊಯಿ ಆನ್ ನೋಡಿಕೊಂಡು ಬರುವುದೆಂದು ಯೋಜನೆ. ವಿಮಾನ ಮತ್ತು ಹೋಟೆಲಿನ ಹಣ ಕಟ್ಟಿಯಾಗಿದೆ. ಐದೂ ಜನರ ವೀಸಾ ಶುಲ್ಕವನ್ನು ನನ್ನ ಕ್ರೆಡಿಟ್ ಕಾರ್ಡಿನಿಂದಲೇ ಆನ್‌ಲೈನಿನಲ್ಲಿ ಕಟ್ಟಿದೆ. ಅಲ್ಲಿನ ಊಟ, ಓಡಾಟ, ಪ್ರವೇಶ ಟಿಕೆಟ್, ಖರೀದಿ ಎಲ್ಲ ಸೇರಿ ಒಂದೂವರೆ ಲಕ್ಷ ರೂಪಾಯಿ ಬೇಕಾದೀತೆಂದು ಅಂದಾಜು. ಎಲ್ಲವನ್ನೂ ಡಾಲರ್ ನೋಟಿನಲ್ಲಿ ಒಯ್ಯಿರಿ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ನಗದು ಯಾಕೆ, ವಿದೇಶಿ ಹಣವನ್ನು ಮೊದಲೇ ತುಂಬಿಸಿಕೊಂಡು ಹೋಗುವ ಫಾರೆಕ್ಸ್ ಕಾರ್ಡ್ ಸಾಕು ಎಂದು ನನ್ನ ತಮ್ಮ ಹೇಳುತ್ತಾನೆ. ಟ್ರಾವೆಲ್ ಏಜೆಂಟರು ಬೇರೆಯೇ ದಾರಿ ತೋರಿಸಿದ್ದಾರೆ. ಅವರು ಕೊಡುವ ಖಾತೆಗೆ ನಾವು ಇಲ್ಲಿ ರೂಪಾಯಿ ಹಾಕಿದರೆ, ಹನೋಯ್‌ನ ಹೋಟೆಲಿಗೇ ಅವರ ಕಡೆಯವರು ಅಲ್ಲಿನ ಹಣವಾದ ಡಾಂಗ್ ತಂದು ಕೊಡುತ್ತಾರಂತೆ. ದರ ಬ್ಯಾಂಕಿಗಿಂತ ಚೆನ್ನಾಗಿದೆ, ತೆರಿಗೆಯ ಗೊಡವೆಯೂ ಇಲ್ಲ ಎನ್ನುತ್ತಾರೆ. ವಿದೇಶಿ ಹಣ ಕೊಂಡರೆ ಶೇಕಡಾ 20 ತೆರಿಗೆ ಹಿಡಿಯುತ್ತಾರೆಂಬುದು ನಿಜವೇ? ರೂಪಾಯಿ ಕುಸಿಯುತ್ತಿದೆ ಎನ್ನುತ್ತಾರೆ, ಈಗಲೇ ಕೊಂಡಿಟ್ಟುಕೊಳ್ಳಬೇಕೇ? ಉಳಿದ ಹಣವನ್ನು ಏನು ಮಾಡಬೇಕು?"

ಉತ್ತರ: ನೀವು ಕೇಳಿರುವುದು ಹಲವು ಪ್ರಶ್ನೆಗಳಾದರೂ ಅವುಗಳ ಹಿಂದಿರುವ ಆತಂಕ ಎರಡೇ ಎಂದು ನನಗೆ ಕಾಣುತ್ತದೆ. ಗೊತ್ತಿಲ್ಲದೆ ಯಾವುದೋ ಕಾನೂನನ್ನು ಮೀರಿಬಿಡುತ್ತೇವೆಯೋ ಎಂಬುದು ಒಂದು, ಗೊತ್ತಿಲ್ಲದೆ ದುಡ್ಡು ಕಳೆದುಕೊಳ್ಳುತ್ತೇವೆಯೋ ಎಂಬುದು ಇನ್ನೊಂದು. ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ದೀರ್ಘಕಾಲ ಕೆಲಸ ಮಾಡಿದವನಾಗಿ ಹೇಳುವುದಾದರೆ, ನಿಮ್ಮಂಥ ಪ್ರವಾಸಿಗರು ಮೊದಲನೆಯದಕ್ಕೆ ಅಗತ್ಯಕ್ಕಿಂತ ಹೆಚ್ಚು ಹೆದರುತ್ತಾರೆ, ಎರಡನೆಯದನ್ನು ಹುಡುಕಬಾರದ ಕಡೆ ಹುಡುಕುತ್ತಾರೆ. ಜೇಬುಗಳ್ಳರಿಗೂ ರೂಪಾಯಿಯ ಏರಿಳಿತಕ್ಕೂ ಹೋಗುವ ಹಣಕ್ಕಿಂತ, ಒಂದೇ ಹಣವನ್ನು ಅನವಶ್ಯಕವಾಗಿ ಮತ್ತೆ ಮತ್ತೆ ಪರಿವರ್ತಿಸುವುದರಿಂದ ಮತ್ತು ದರ ನಿಗದಿ ಮಾಡುವ ಅಧಿಕಾರವನ್ನು ಎದುರಿನವರಿಗೆ ಬಿಟ್ಟುಕೊಡುವುದರಿಂದ ಹೋಗುವ ಹಣವೇ ಸಾಮಾನ್ಯವಾಗಿ ಹೆಚ್ಚು.

ನಿಮಗೆ ಬಂದಿರುವ ಮೂರು ಸಲಹೆಗಳಲ್ಲಿ ಮೊದಲೆರಡು ಅರ್ಧರ್ಧ ಸರಿಯಾಗಿವೆ. ಮೂರನೆಯದನ್ನು ಮಾತ್ರ ಬೇಡವೆಂದು ಇವತ್ತೇ ತಿಳಿಸಿಬಿಡಿ. ಇಲ್ಲಿ ರೂಪಾಯಿ ಕೊಟ್ಟು, ಗಡಿಯಾಚೆ ಬೇರೊಬ್ಬರ ಕೈಯಿಂದ ವಿದೇಶಿ ಹಣ ಪಡೆಯುವ ಈ ವ್ಯವಸ್ಥೆಗೆ ಹವಾಲಾ ಎಂದೇ ಹೆಸರು. ಕೊಡುವವರು ಪರಿಚಿತ ಏಜೆಂಟರಾದ ಮಾತ್ರಕ್ಕೆ ಅದು ಬೇರೆಯಾಗುವುದಿಲ್ಲ. ಅಧಿಕೃತ ಪರವಾನಗಿ ಇಲ್ಲದವರೊಡನೆ ವಿದೇಶಿ ವಿನಿಮಯ ವ್ಯವಹಾರ ಮಾಡುವುದನ್ನು 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾ, ತನ್ನ 3ನೇ ಕಲಮಿನಲ್ಲಿಯೇ ನಿಷೇಧಿಸಿದೆ. 13ನೇ ಕಲಮಿನ ಪ್ರಕಾರ ಉಲ್ಲಂಘನೆಯ ಮೊತ್ತದ ಮೂರು ಪಟ್ಟಿನವರೆಗೆ ದಂಡ ವಿಧಿಸಬಹುದು. ದಂಡದ ಮಾತು ಹಾಗಿರಲಿ, ನಿತ್ಯವ್ಯವಹಾರದ ದೃಷ್ಟಿಯಿಂದ ಇನ್ನೂ ಹತ್ತಿರದ ಅಪಾಯವೊಂದಿದೆ. ನೀವು ದುಡ್ಡು ಹಾಕುವ ಆ ಖಾತೆ ಯಾರದೆಂದು ನಿಮಗೆ ಗೊತ್ತಿರುವುದಿಲ್ಲ. ಅದು ಯಾವುದಾದರೂ ಆನ್‌ಲೈನ್ ವಂಚನೆಯ ತನಿಖೆಗೆ ಸಿಲುಕಿದರೆ ಅದರೊಡನೆ ವ್ಯವಹರಿಸಿದ ನಿಮ್ಮ ಸಂಬಳದ ಖಾತೆಯನ್ನೂ ಪೊಲೀಸರ ಸೂಚನೆಯ ಮೇರೆಗೆ ಬ್ಯಾಂಕು ತಡೆಹಿಡಿಯಬಹುದು. ಹನೋಯ್‌ನಲ್ಲಿ ಹಣ ತರಬೇಕಾದವನು ಬಾರದೇ ಹೋದರೆ, ರಸೀದಿಯೇ ಇಲ್ಲದ ವ್ಯವಹಾರದ ಬಗ್ಗೆ ನೀವು ಎಲ್ಲಿ ದೂರು ಕೊಡುತ್ತೀರಿ? ಏಜೆಂಟರು ಪರವಾನಗಿ ಪಡೆದ ಮನಿ ಚೇಂಜರ್ ಒಬ್ಬರ ಮೂಲಕ ಇಲ್ಲಿಯೇ ನೋಟು ಕೊಡಿಸುವುದಾದರೆ ಅದು ಬೇರೆ ಮಾತು. ಆಗ ಹಣ ಆ ಪರವಾನಗಿದಾರರ ಖಾತೆಗೇ ಹೋಗಬೇಕು, ರಸೀದಿಯೂ ಅವರ ಹೆಸರಿನಲ್ಲೇ ಬರಬೇಕು.

ಇನ್ನು ಮಿತಿ ಮತ್ತು ತೆರಿಗೆಗಳ ವಿಚಾರ. ಉದಾರೀಕೃತ ಹಣ ರವಾನೆ ಯೋಜನೆಯಡಿ ಭಾರತದ ಪ್ರತಿ ನಿವಾಸಿಗೂ ಒಂದು ಆರ್ಥಿಕ ವರ್ಷಕ್ಕೆ 2,50,000 ಡಾಲರಿನವರೆಗೆ ವಿದೇಶಿ ಹಣ ಕೊಳ್ಳಲು, ಕಳಿಸಲು ಅವಕಾಶವಿದೆ. ಅದರ ಹತ್ತಿರವೂ ನೀವು ಸುಳಿಯುವುದಿಲ್ಲ. ಆ ಮೊತ್ತದೊಳಗೆ ನಗದು ನೋಟಿನ ರೂಪದಲ್ಲಿ, ವಿಯೆಟ್ನಾಂ ಸೇರಿದಂತೆ ಬಹುತೇಕ ದೇಶಗಳಿಗೆ, ಒಬ್ಬರಿಗೆ ಒಂದು ಪ್ರವಾಸಕ್ಕೆ 3,000 ಡಾಲರ್ ಸಿಗುತ್ತದೆ. ಈ ಮಿತಿ ಕುಟುಂಬಕ್ಕಲ್ಲ, ತಲೆಗೆ. ನಿಮ್ಮ ಇಡೀ ಅಂದಾಜು ಮೊತ್ತವೇ ಒಬ್ಬರ ಮಿತಿಯೊಳಗೆ ಮುಗಿಯುತ್ತದೆ. ಕೊಳ್ಳುವಾಗ ಪಾಸ್‌ಪೋರ್ಟ್, ವೀಸಾ, ಟಿಕೆಟ್ ಮತ್ತು ಪ್ಯಾನ್ ಕೇಳುತ್ತಾರೆ, ಎ2 ಎಂಬ ನಮೂನೆಗೆ ಸಹಿ ಹಾಕಿಸುತ್ತಾರೆ. 50,000 ರೂಪಾಯಿಗಿಂತ ಹೆಚ್ಚಿನ ಖರೀದಿಗೆ ನಗದು ಕೊಡುವಂತಿಲ್ಲ, ಬ್ಯಾಂಕಿನ ಮೂಲಕವೇ ಪಾವತಿಸಬೇಕು. ದೊಡ್ಡ ಮೊತ್ತವನ್ನೂ ನಗದಾಗಿ ತನ್ನಿ, ಪಾಸ್‌ಪೋರ್ಟ್ ಬೇಡ ಎನ್ನುವ ಅಂಗಡಿಯಿಂದ ಸುಮ್ಮನೆ ಎದ್ದು ಬನ್ನಿ.

ಶೇಕಡಾ 20ರ ಮಾತಿಗೂ ಒಂದು ಹಿನ್ನೆಲೆಯಿದೆ. 2023ರ ಬಜೆಟ್ಟಿನಲ್ಲಿ ಇಂಥ ರವಾನೆಗಳ ಮೇಲಿನ ಟಿಸಿಎಸ್ (ವ್ಯವಹಾರದ ಹೊತ್ತಿಗೇ ನಮ್ಮಿಂದ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ದರವನ್ನು ಶೇಕಡಾ 5ರಿಂದ 20ಕ್ಕೆ ಏರಿಸಿ, ಅಲ್ಲಿಯವರೆಗೆ ಇದ್ದ 7 ಲಕ್ಷ ರೂಪಾಯಿಯ ವಿನಾಯಿತಿಯನ್ನೂ ತೆಗೆಯುವುದಾಗಿ ಹೇಳಿದಾಗ ದೊಡ್ಡ ಗದ್ದಲವಾಯಿತು. ಆಮೇಲೆ ವಿನಾಯಿತಿ ಉಳಿಯಿತು, 2025ರ ಏಪ್ರಿಲ್‌ನಿಂದ ಅದು 10 ಲಕ್ಷಕ್ಕೂ ಏರಿತು. ಆದರೆ ಜನರ ನೆನಪಿನಲ್ಲಿ ಉಳಿದದ್ದು 20 ಎಂಬ ಅಂಕಿ ಮಾತ್ರ. ವರ್ಷದಲ್ಲಿ ನಿಮ್ಮ ಇಂಥ ಖರೀದಿ ಮತ್ತು ರವಾನೆ 10 ಲಕ್ಷ ದಾಟದಿದ್ದರೆ ಕೊಂಡ ಕರೆನ್ಸಿಯ ಮೇಲೆ ಟಿಸಿಎಸ್ ಬರುವುದಿಲ್ಲ. ವಿದೇಶದಲ್ಲಿದ್ದಾಗ ಕ್ರೆಡಿಟ್ ಕಾರ್ಡಿನಿಂದ ಮಾಡುವ ಖರ್ಚನ್ನು ಈ ಯೋಜನೆಯೊಳಗೆ ತರುವ ನಿರ್ಧಾರವನ್ನು ಸರ್ಕಾರ 2023ರ ಜೂನ್‌ನಲ್ಲಿ ಮುಂದೂಡಿತು. ವಿಮಾನ, ಹೋಟೆಲನ್ನು ನೀವು ಪ್ಯಾಕೇಜ್ ಆಗಿ ಕೊಂಡಿದ್ದರೆ ಅದಕ್ಕೆ ಪ್ರತ್ಯೇಕ ನಿಯಮವಿದ್ದು, ಏಜೆಂಟರು ಟಿಸಿಎಸ್ ಹಿಡಿದಿರಬಹುದು. ಹಾಗೆ ಹಿಡಿದದ್ದೂ ಮುಂಗಡ ತೆರಿಗೆಯಂತೆ ನಿಮ್ಮ ಪ್ಯಾನ್ ಖಾತೆಗೆ ಜಮೆಯಾಗಿ, ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ. ಕರೆನ್ಸಿ ಕೊಳ್ಳುವಾಗ ನಿಜವಾಗಿ ಕಟ್ಟಬೇಕಾದದ್ದು ಜಿಎಸ್‌ಟಿ, ಅದೂ ಅತ್ಯಲ್ಪ. ಒಂದು ಲಕ್ಷ ರೂಪಾಯಿಯವರೆಗಿನ ಖರೀದಿಯಲ್ಲಿ ಶೇಕಡಾ 1ರಷ್ಟನ್ನು ಸೇವೆಯ ಮೌಲ್ಯವೆಂದು ಹಿಡಿದು ಅದರ ಮೇಲೆ ಶೇಕಡಾ 18 ಹಾಕುತ್ತಾರೆ. ಒಂದು ಲಕ್ಷಕ್ಕೆ 180 ರೂಪಾಯಿ ಆಯಿತು. ಇದನ್ನು ತಪ್ಪಿಸಿಕೊಳ್ಳಲು ಹವಾಲಾದವರ ಬಾಗಿಲಿಗೆ ಹೋಗುವ ಅಗತ್ಯ ಯಾರಿಗೂ ಇರಲಾರದು.

ಈಗ ಎರಡನೆಯ ಆತಂಕಕ್ಕೆ ಬರೋಣ. "ಕಮಿಷನ್ ಇಲ್ಲ" ಎಂದು ದೊಡ್ಡ ಅಕ್ಷರದಲ್ಲಿ ಬರೆದ ಫಲಕವನ್ನು ನೀವು ನೋಡಿಯೇ ಇರುತ್ತೀರಿ. ಅದು ಸುಳ್ಳಲ್ಲ, ಆದರೆ ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ. ಕರೆನ್ಸಿ ವ್ಯಾಪಾರಿಯ ಲಾಭ ಅವನು ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ಅಂತರದಲ್ಲಿರುತ್ತದೆ. ಕಮಿಷನ್ ಬಿಟ್ಟುಕೊಟ್ಟವನು ಆ ಅಂತರವನ್ನು ಅಗಲಿಸಿರಬಹುದು. ಹಾಗಾಗಿ ಯಾರು ಏನೇ ಹೇಳಲಿ, ಒಂದೇ ಒಂದು ಸಂಖ್ಯೆಯನ್ನು ಕೇಳಿ: ನನ್ನ ಖಾತೆಯಿಂದ ಹೋಗುವ ಒಂದು ರೂಪಾಯಿಗೆ ಕೊನೆಯಲ್ಲಿ ನನ್ನ ಕೈಗೆ ಎಷ್ಟು ಡಾಂಗ್ ಬರುತ್ತದೆ? ಎಲ್ಲ ಶುಲ್ಕ, ಮಾರ್ಕಪ್ (ದರದ ಮೇಲೆ ಬ್ಯಾಂಕು ಸೇರಿಸುವ ಹೆಚ್ಚುವರಿ), ಜಿಎಸ್‌ಟಿಗಳೂ ಆ ಭಾಗಾಕಾರದೊಳಗೆ ಬಂದು ಕೂರುತ್ತವೆ.

ದರಗಳು ದಿನವೂ ಬದಲಾಗುವುದರಿಂದ ಲೆಕ್ಕಕ್ಕೆ ಅನುಕೂಲವಾಗುವಂತೆ ಮಾರುಕಟ್ಟೆಯ ನಡುದರ, ಅಂದರೆ ಕೊಳ್ಳುವ ಮತ್ತು ಮಾರುವ ದರಗಳ ನಡುವಿನ ದರ, ಡಾಲರಿಗೆ 90 ರೂಪಾಯಿ, 26,000 ಡಾಂಗ್ ಎಂದಿಟ್ಟುಕೊಳ್ಳೋಣ. ಆಗ ಒಂದು ರೂಪಾಯಿಗೆ ಸುಮಾರು 289 ಡಾಂಗ್ ಆಗುತ್ತದೆ. ಯಾರಿಗೂ ಇಷ್ಟು ಪೂರ್ತಿ ಸಿಗುವುದಿಲ್ಲ. ಇದು ಅಳೆಯುವ ಕೋಲು ಮಾತ್ರ. ಬೆಂಗಳೂರಿನಲ್ಲಿ ಡಾಲರನ್ನು 91 ರೂಪಾಯಿ 20 ಪೈಸೆಗೆ ಕೊಂಡು ಹನೋಯ್‌ನಲ್ಲಿ 25,900ರ ದರಕ್ಕೆ ಮಾರಿದರೆ ಒಂದು ರೂಪಾಯಿಗೆ 284 ಡಾಂಗ್ ಬೀಳುತ್ತದೆ. ಎರಡು ಸಲ ಪರಿವರ್ತಿಸಿದರೂ ನಷ್ಟ ಶೇಕಡಾ ಎರಡರ ಒಳಗೇ ಉಳಿಯಿತು. ಇಲ್ಲಿಯೇ ನೇರವಾಗಿ ಡಾಂಗ್ ಕೊಡುತ್ತೇವೆಂದು ಒಬ್ಬರು ರೂಪಾಯಿಗೆ 260ರ ದರ ಹೇಳಿದರೆನ್ನಿ; ಒಂದೂವರೆ ಲಕ್ಷಕ್ಕೆ ನಿಮಗೆ ಸಿಗುವುದು 3 ಕೋಟಿ 90 ಲಕ್ಷ ಡಾಂಗ್, ಡಾಲರಿನ ದಾರಿಯಲ್ಲಾದರೆ 4 ಕೋಟಿ 26 ಲಕ್ಷ. ನಡುವಿನ 36 ಲಕ್ಷ ಡಾಂಗ್ ಎಂದರೆ ಹನ್ನೆರಡು ಸಾವಿರಕ್ಕೂ ಹೆಚ್ಚು ರೂಪಾಯಿ.

ಎರಡು ಸಲ ಬದಲಿಸುವುದು ಒಂದು ಸಲ ಬದಲಿಸುವುದಕ್ಕಿಂತ ಅಗ್ಗವಾಗುವುದು ಹೇಗೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಡಾಂಗ್‌ನ ಸ್ವಭಾವದಲ್ಲಿದೆ. ಅದಕ್ಕೆ ವಿಯೆಟ್ನಾಂನ ಹೊರಗೆ ಬೇಡಿಕೆ ಕಡಿಮೆ. ಇಲ್ಲಿನ ವ್ಯಾಪಾರಿ ಆ ನೋಟುಗಳನ್ನು ತರಿಸಿಕೊಂಡು, ಕೊಳ್ಳುವವರು ಬರುವವರೆಗೆ ಇಟ್ಟುಕೊಂಡು, ಆ ಖರ್ಚು ಮತ್ತು ಅಪಾಯವನ್ನೆಲ್ಲ ದರದಲ್ಲೇ ವಸೂಲು ಮಾಡಬೇಕು. ಡಾಲರಾದರೋ ಎರಡೂ ಕಡೆ ದಿನವಿಡೀ ಕೈಬದಲಾಗುವ ಸರಕು, ಅದರ ಅಂತರ ಕಿರಿದು. ಇದೇ ಮಾತನ್ನು ಎಲ್ಲ ದೇಶಕ್ಕೂ ಅನ್ವಯಿಸಬೇಡಿ. ಯೂರೋ, ದುಬೈಯ ದಿರಂ, ಸಿಂಗಪುರ ಡಾಲರ್, ಥಾಯ್ ಬಾತ್‌ಗಳಿಗೆ ನಮ್ಮ ಊರುಗಳಲ್ಲೇ ಒಳ್ಳೆಯ ವ್ಯಾಪಾರವಿದೆ; ಅಲ್ಲಿಗೆ ಹೋಗುವವರು ಮೊದಲು ಡಾಲರ್ ಕೊಂಡು ಆಮೇಲೆ ಬದಲಿಸಿದರೆ ಎರಡು ಕಡೆ ಅಂತರ ತೆತ್ತಂತಾಗುತ್ತದೆ. ನಿಮ್ಮ ಸಹೋದ್ಯೋಗಿಯ ಡಾಲರ್ ಸಲಹೆ ವಿಯೆಟ್ನಾಂಗೆ ಹೊಂದುತ್ತದೆ, ಬ್ಯಾಂಕಾಕಿಗೆ ಹೊಂದುವುದಿಲ್ಲ. ಹಾಗೆಯೇ ಅಲ್ಲಿ ರೂಪಾಯಿ ನೋಟು ಬದಲಿಸಿಕೊಳ್ಳಬಹುದೆಂಬ ನಂಬಿಕೆಯಿಂದ ಹೋಗಬೇಡಿ. ಭಾರತೀಯ ನಿವಾಸಿಗಳು ತಲಾ 25,000 ರೂಪಾಯಿಯವರೆಗೆ ಭಾರತದ ನೋಟು ಜೊತೆಗೆ ಒಯ್ಯಬಹುದು ನಿಜ, ಅದು ಹಿಂದಿರುಗಿದ ಮೇಲೆ ಬೆಂಗಳೂರಿನಿಂದ ಹಾಸನದ ಕಾರಿಗೆ ಒದಗೀತು.

ಡಾಲರ್ ಕೊಳ್ಳುವಾಗ ನೋಟಿನ ಸ್ಥಿತಿಯನ್ನು ಕೌಂಟರಿನಲ್ಲೇ ಪರೀಕ್ಷಿಸಿ, ಇದರಲ್ಲಿ ಸಂಕೋಚ ಬೇಡ. ನಮ್ಮಲ್ಲಿ ಮಡಚಿದ, ಪೆನ್ನಿನಲ್ಲಿ ಗೀಚಿದ ನೋಟೂ ನಡೆದುಬಿಡುತ್ತದೆ. ವಿಯೆಟ್ನಾಂನ ಕೌಂಟರುಗಳಲ್ಲಿ ಅಂಚು ಹರಿದ, ಶಾಯಿಯ ಕಲೆಯಿರುವ, ರಬ್ಬರ್ ಮುದ್ರೆ ಬಿದ್ದ ಡಾಲರನ್ನು ಹಿಂದಕ್ಕೆ ತಳ್ಳಿಬಿಡುತ್ತಾರೆ, ಇಲ್ಲವೇ ದರ ಇಳಿಸುತ್ತಾರೆ. ಅಲ್ಲಿನ ಬ್ಯಾಂಕುಗಳ ದರಪಟ್ಟಿಯಲ್ಲಿ 50 ಮತ್ತು 100 ಡಾಲರಿನ ನೋಟಿಗೆ ಒಂದು ದರ, ಅದಕ್ಕಿಂತ ಚಿಕ್ಕ ನೋಟುಗಳಿಗೆ ಕಡಿಮೆ ದರ ಇರುವುದುಂಟು. ಚಿಲ್ಲರೆಯಾಗಿ ಇರಲೆಂದು ಒಂದು, ಐದರ ನೋಟುಗಳ ಕಟ್ಟು ಕೇಳಿ ಪಡೆಯುವ ಅಭ್ಯಾಸ ಇಲ್ಲಿ ನಷ್ಟದ ಬಾಬತ್ತೇ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಕೊನೆಯ ಗಳಿಗೆಗೆ ಕೊಳ್ಳೋಣವೆಂದೂ ಬಿಡಬೇಡಿ. ನಗರದ ಅಂಗಡಿಗಿಂತ ವಿಮಾನ ನಿಲ್ದಾಣದ ದರ ಸಾಮಾನ್ಯವಾಗಿ ದುಬಾರಿ, ಅಲ್ಲಿ ನಿಂತ ಗಿರಾಕಿಗೆ ಬೇರೆ ಆಯ್ಕೆಯಿಲ್ಲವೆಂದು ಅವರಿಗೂ ಗೊತ್ತು.

ನಿಮ್ಮ ತಮ್ಮನವರ ಕಾರ್ಡಿನ ವಾದವನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಯಾವ ಕಾರ್ಡು ಎಂಬುದು ಮುಖ್ಯ. ಫಾರೆಕ್ಸ್ ಕಾರ್ಡಿನ ಸೊಗಸು ಇರುವುದು ಯಾವ ಕರೆನ್ಸಿಯಲ್ಲಿ ಖರ್ಚು ಮಾಡುತ್ತೀರೋ ಅದೇ ಕರೆನ್ಸಿಯನ್ನು ಅದರಲ್ಲಿ ತುಂಬಿದಾಗ. ನಮ್ಮ ಬ್ಯಾಂಕುಗಳ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಡಾಂಗ್ ತುಂಬಲು ಬರುವುದಿಲ್ಲ. ಡಾಲರ್ ತುಂಬಿಸಿಕೊಂಡು ಹೋಗಿ ಡಾಂಗ್‌ನಲ್ಲಿ ಖರ್ಚು ಮಾಡಿದರೆ ಪ್ರತಿ ವ್ಯವಹಾರಕ್ಕೂ ಕರೆನ್ಸಿ ಬದಲಾವಣೆಯ ಶುಲ್ಕ ಬೀಳುತ್ತದೆ, ಅದು ಅನೇಕ ಕಾರ್ಡುಗಳಲ್ಲಿ ಶೇಕಡಾ 3.5ರ ಆಸುಪಾಸಿನಲ್ಲಿದೆ. ತುಂಬುವಾಗಲೇ ಡಾಲರಿಗೆ 91 ರೂಪಾಯಿ 20 ಪೈಸೆ ಕೊಟ್ಟಿದ್ದೀರಿ, ಖರ್ಚಿನಲ್ಲಿ ಇದೂ ಸೇರಿ ರೂಪಾಯಿಗೆ ಸುಮಾರು 275 ಡಾಂಗ್‌ಗೆ ಇಳಿಯಿತು. ಬೀದಿಯ ಹಣ ಬದಲಾವಣೆಯ ತಂಟೆ ಬೇಡವೆಂದು ಈ ಬೆಲೆ ತೆರಲು ಸಿದ್ಧರಿದ್ದರೆ ಅದು ನಿಮ್ಮ ಇಷ್ಟ, ಆದರೆ ಅದು ಅಗ್ಗವೆಂದು ಮಾತ್ರ ತಿಳಿಯಬೇಡಿ.

ಸಾಮಾನ್ಯ ಡೆಬಿಟ್ ಮತ್ತು ಕ್ರೆಡಿಟ್ ಕಾರ್ಡುಗಳ ನಿಜವಾದ ವೆಚ್ಚವನ್ನು ತಿಳಿಯಲು ನಿಮ್ಮ ಕೈಯಲ್ಲೇ ಒಂದು ಒಳ್ಳೆಯ ಸಾಧನವಿದೆ: ವೀಸಾ ಶುಲ್ಕ ಕಟ್ಟಿದ ತಿಂಗಳ ಕಾರ್ಡ್ ಬಿಲ್ಲು. ಒಂದು ಪ್ರವೇಶದ ಇ-ವೀಸಾಕ್ಕೆ ತಲಾ 25ರಂತೆ ಐವರಿಗೆ 125 ಡಾಲರ್. ನಮ್ಮ ಲೆಕ್ಕದ ದರದಲ್ಲಿ ಅದು 11,250 ರೂಪಾಯಿ. ಬಿಲ್ಲಿನಲ್ಲಿ ಅದರ ಕೆಳಗೋ, ಬೇರೆ ದಿನಾಂಕದಲ್ಲೋ ವಿದೇಶಿ ವ್ಯವಹಾರದ ಮಾರ್ಕಪ್ ಎಂದೂ ಅದರ ಮೇಲಿನ ಜಿಎಸ್‌ಟಿ ಎಂದೂ ಎರಡು ಸಾಲುಗಳಿರುತ್ತವೆ. ಮಾರ್ಕಪ್ ಶೇಕಡಾ 3.5 ಆಗಿದ್ದರೆ ಅದರ ಮೇಲೆ ಶೇಕಡಾ 18 ಸೇರಿ ಒಟ್ಟು ಶೇಕಡಾ 4.13 ಆಗುತ್ತದೆ, ನೀವು ತೆತ್ತದ್ದು ಸುಮಾರು 11,715 ರೂಪಾಯಿ. ಆ ದಿನದ ನಡುದರವನ್ನು ಹುಡುಕಿ ಬಿಲ್ಲಿನೊಡನೆ ಹೋಲಿಸಿದರೆ ನಿಮ್ಮ ಕಾರ್ಡಿನ ಗುಣ ಬಯಲಾಗುತ್ತದೆ. ಮಾರ್ಕಪ್ಪೇ ಇಲ್ಲದ, ಅಥವಾ ತೀರಾ ಕಡಿಮೆ ಇರುವ ಕಾರ್ಡುಗಳನ್ನೂ ಈಗ ಕೆಲವು ಬ್ಯಾಂಕುಗಳು ಕೊಡುತ್ತಿವೆ. ಅಂಥದ್ದು ನಿಮ್ಮಲ್ಲಿದ್ದರೆ ದೊಡ್ಡ ಹೋಟೆಲು, ಮಾಲು, ಔಷಧಿ ಅಂಗಡಿಗಳಲ್ಲಿ ಅದೇ ಎಲ್ಲಕ್ಕಿಂತ ಅಗ್ಗದ ದಾರಿಯಾಗುತ್ತದೆ, ನಗದು ಡಾಲರೂ ಅದರ ಮುಂದೆ ನಿಲ್ಲುವುದಿಲ್ಲ. ವಿಯೆಟ್ನಾಂನ ಕೆಲವು ಅಂಗಡಿಗಳು ಕಾರ್ಡಿಗೆ ಶೇಕಡಾ ಮೂರರಷ್ಟು ಹೆಚ್ಚುವರಿ ಕೇಳುತ್ತವೆ. ಅಲ್ಲಿ ನಗದು ಕೊಡಿ.

ಕಾರ್ಡಿನ ವಿಚಾರದಲ್ಲಿ ನಾನು ಅತಿ ಹೆಚ್ಚು ದೂರು ಕೇಳಿರುವುದು ಇನ್ನೊಂದು ಕಾರಣಕ್ಕೆ. ಸ್ವೈಪ್ ಯಂತ್ರಕ್ಕೆ ಕಾರ್ಡು ಹಾಕಿದ ಮೇಲೆ ಪರದೆಯ ಮೇಲೆ ಎರಡು ಮೊತ್ತ ಮೂಡುತ್ತವೆ, ಒಂದು ಡಾಂಗ್‌ನಲ್ಲಿ, ಇನ್ನೊಂದು ರೂಪಾಯಿಯಲ್ಲಿ. ಕೋಟಿ, ಲಕ್ಷಗಳ ಡಾಂಗ್ ನೋಡಿ ಗಾಬರಿಯಾದ ನಮ್ಮವರು ಪರಿಚಿತವಾದ ರೂಪಾಯಿಯನ್ನೇ ಒತ್ತಿಬಿಡುತ್ತಾರೆ. ಹಾಗೆ ಒತ್ತಿದ ಕ್ಷಣದಲ್ಲಿ ವಿನಿಮಯ ದರ ನಿಗದಿ ಮಾಡುವ ಅಧಿಕಾರ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಎಂಬ ಕಾರ್ಡ್ ಕಂಪನಿಯಿಂದ ಅಂಗಡಿಯವನ ಬ್ಯಾಂಕಿಗೆ ವರ್ಗವಾಗುತ್ತದೆ. ಆ ದರದಲ್ಲಿ ಶೇಕಡಾ ನಾಲ್ಕೈದರಷ್ಟು ಅಥವಾ ಅದಕ್ಕೂ ಹೆಚ್ಚು ಲಾಭ ಅಡಗಿರುವುದು ಸಾಮಾನ್ಯ, ಅದರಲ್ಲಿ ಅಂಗಡಿಯವನಿಗೂ ಪಾಲಿರುತ್ತದೆ. ರೂಪಾಯಿಯಲ್ಲೇ ಕೊಟ್ಟೆವಲ್ಲ, ಇಲ್ಲಿನ ಮಾರ್ಕಪ್ ತಪ್ಪಿತು ಎಂದುಕೊಳ್ಳುವಂತಿಲ್ಲ. ವ್ಯಾಪಾರಿ ವಿದೇಶದಲ್ಲಿರುವ ಕಾರಣ ನಮ್ಮ ಅನೇಕ ಬ್ಯಾಂಕುಗಳು ಇಂಥ ವ್ಯವಹಾರಕ್ಕೂ ಪ್ರತ್ಯೇಕ ಶುಲ್ಕ ಹಾಕುತ್ತವೆ. ಎಟಿಎಂ ಕೂಡ ಇದನ್ನೇ ಇನ್ನೊಂದು ಮಾತಿನಲ್ಲಿ ಕೇಳುತ್ತದೆ, "ಪರಿವರ್ತನೆಯ ಈ ದರವನ್ನು ಒಪ್ಪುತ್ತೀರಾ" ಎಂದು. ಒಪ್ಪುವುದಿಲ್ಲವೆಂದು ಒತ್ತಿ. ವ್ಯವಹಾರ ರದ್ದಾಗುವುದಿಲ್ಲ, ಹಣ ಬರುತ್ತದೆ, ದರ ಮಾತ್ರ ನಿಮ್ಮ ಕಾರ್ಡಿನದಾಗಿರುತ್ತದೆ. ಕೆಲವು ಕಡೆ ಕ್ಯಾಷಿಯರ್‌ಗಳು ನಿಮ್ಮನ್ನು ಕೇಳದೆಯೇ ರೂಪಾಯಿಯನ್ನು ಆರಿಸಿರುತ್ತಾರೆ. ಪಿನ್ ಒತ್ತುವ ಮೊದಲು ಪರದೆಯ ಮೇಲಿನ ಕರೆನ್ಸಿಯ ಹೆಸರನ್ನು ಓದಿ, ಡಾಂಗ್ ಅಲ್ಲದಿದ್ದರೆ ರದ್ದು ಮಾಡಿಸಿ.

ಎಟಿಎಂ ಅನ್ನು ತುರ್ತಿಗಾಗಿ ಇಟ್ಟುಕೊಳ್ಳಿ. ವಿಯೆಟ್ನಾಂನ ಬಹಳಷ್ಟು ಎಟಿಎಂಗಳು ಒಂದು ಸಲಕ್ಕೆ 20 ಲಕ್ಷದಿಂದ 50 ಲಕ್ಷ ಡಾಂಗ್ ಮಾತ್ರ ಕೊಡುತ್ತವೆ, ರೂಪಾಯಿಯ ಲೆಕ್ಕದಲ್ಲಿ ಅದು ಏಳು ಸಾವಿರದಿಂದ ಹದಿನೇಳು ಸಾವಿರ. ಪ್ರತಿ ಸಲವೂ ಅಲ್ಲಿನ ಬ್ಯಾಂಕಿನ ಶುಲ್ಕ, ಇಲ್ಲಿನ ಬ್ಯಾಂಕಿನ ಶುಲ್ಕ, ಮಾರ್ಕಪ್ ಮೂರೂ ಸೇರುವುದರಿಂದ ಸಣ್ಣ ಸಣ್ಣ ಮೊತ್ತ ತೆಗೆದಷ್ಟೂ ಹೊರೆ ಹೆಚ್ಚು. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯುವುದಂತೂ ಬೇಡವೇ ಬೇಡ, ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ. ಯುಪಿಐ ಸಿಂಗಪುರ, ಯುಎಇ, ಶ್ರೀಲಂಕಾ, ನೇಪಾಳ, ಭೂತಾನ್‌ಗಳಂಥ ಕೆಲವು ದೇಶಗಳ ಆಯ್ದ ಅಂಗಡಿಗಳಲ್ಲಿ ನಡೆಯುತ್ತದೆ. ಈ ಪ್ರವಾಸದಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ.

ರೂಪಾಯಿ ಕುಸಿಯುತ್ತಿದೆ, ಈಗಲೇ ಕೊಳ್ಳಬೇಕೇ ಎಂದಿದ್ದೀರಿ. ಮುಂದಿನ ವಾರದ ದರ ಯಾರಿಗೂ ಗೊತ್ತಿಲ್ಲ, ಗೊತ್ತಿದೆ ಎನ್ನುವವರ ಮಾತನ್ನು ಕೇಳಬೇಡಿ. ಆದರೆ ಪಣದಲ್ಲಿರುವುದೆಷ್ಟು ಎಂಬುದನ್ನು ನೋಡಿ: ನೀವು ಕೊಳ್ಳುವ 1,000 ಡಾಲರಿಗೆ, ದರ ಒಂದು ರೂಪಾಯಿ ಏರಿದರೆ ನಷ್ಟ 1,000 ರೂಪಾಯಿ. ಒಂದೇ ದಿನ ಎರಡು ಅಂಗಡಿಗಳ ನಡುವೆ ಇರುವ ವ್ಯತ್ಯಾಸವೂ ಕೆಲವೊಮ್ಮೆ ಅಷ್ಟೇ ಇರುತ್ತದೆ. ಹೊರಡುವ ಹತ್ತು ದಿನ ಮೊದಲು ಹಾಸನದ ಬ್ಯಾಂಕಿನಲ್ಲಿ ವಿಚಾರಿಸಿ, ಬೆಂಗಳೂರಿನ ಎರಡು ಮೂರು ಪರವಾನಗಿ ಪಡೆದ ಮನಿ ಚೇಂಜರ್‌ಗಳಿಗೆ ಫೋನ್ ಮಾಡಿ, ಎಲ್ಲ ಶುಲ್ಕ ಸೇರಿ 1,000 ಡಾಲರಿಗೆ ಒಟ್ಟು ಎಷ್ಟು ಕೊಡಬೇಕೆಂದು ಕೇಳಿ ಕಡಿಮೆ ಹೇಳಿದವರಲ್ಲಿ ಕೊಂಡುಬಿಡಿ. ಅಷ್ಟಕ್ಕೇ ಮುಗಿಸಿ, ಆಮೇಲೆ ದರ ನೋಡುವುದನ್ನೂ ಬಿಟ್ಟುಬಿಡಿ.

ನಿಮ್ಮ ಕುಟುಂಬಕ್ಕೆ ನಾನು ಸೂಚಿಸುವ ಹಂಚಿಕೆ ಹೀಗಿದೆ. ಒಂದೂವರೆ ಲಕ್ಷದಲ್ಲಿ ಸುಮಾರು 91,000 ರೂಪಾಯಿಗೆ 1,000 ಡಾಲರ್ ಕೊಳ್ಳಿ, ಬಹುಪಾಲು 100ರ ನೋಟುಗಳಿರಲಿ, ಎರಡು 50ರವು ಸಾಕು. ನೀವು ಮತ್ತು ಯಜಮಾನರು ಅದನ್ನು ಸಮನಾಗಿ ಹಂಚಿಕೊಂಡು ಮೈಮೇಲೇ ಇಟ್ಟುಕೊಳ್ಳಿ, ವಿಮಾನದ ಹೊಟ್ಟೆಗೆ ಹೋಗುವ ಸೂಟ್‌ಕೇಸಿನಲ್ಲಿ ಬೇಡ. ಅತ್ತೆಯವರ ಬಳಿ ಒಂದು ದಿನದ ಖರ್ಚಿಗಾಗುವಷ್ಟು ಡಾಂಗ್ ಮತ್ತು ಹೋಟೆಲಿನ ವಿಳಾಸದ ಚೀಟಿ ಇದ್ದರೆ ಸಾಕು. ವಯಸ್ಸಾದವರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲವೆಂದು ಎಲ್ಲ ಹಣವನ್ನೂ ಅವರ ಸೊಂಟಕ್ಕೆ ಕಟ್ಟುವ ನಮ್ಮ ಪದ್ಧತಿ ಅವರ ಪ್ರವಾಸದ ನೆಮ್ಮದಿಯನ್ನೇ ಕೆಡಿಸುತ್ತದೆ. ಉಳಿದ 59,000ವನ್ನು ಕಾರ್ಡಿಗೆ ಬಿಡಿ. ಎರಡು ಬೇರೆ ಬೇರೆ ಬ್ಯಾಂಕುಗಳ ಕಾರ್ಡುಗಳು ಇಬ್ಬರ ಬಳಿ ಇರಲಿ. ಸಂಬಳ ಬೀಳುವ ಮುಖ್ಯ ಖಾತೆಯ ಡೆಬಿಟ್ ಕಾರ್ಡನ್ನು ಒಯ್ಯದೆ, ಇನ್ನೊಂದು ಖಾತೆಗೆ ಬೇಕಾದಷ್ಟೇ ಹಾಕಿ ಅದರ ಕಾರ್ಡನ್ನು ಒಯ್ಯಿರಿ. 2020ರಲ್ಲಿ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಹೊಸ ಕಾರ್ಡುಗಳಲ್ಲಿ ವಿದೇಶದ ಬಳಕೆ ಮೊದಲಿಗೆ ಮುಚ್ಚಿಯೇ ಇರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದು, ದಿನದ ಮಿತಿಯನ್ನೂ ಹಾಕಿ, ಹಿಂದಿರುಗಿದ ದಿನ ಮುಚ್ಚಿ. ಬ್ಯಾಂಕಿನ ಸಂದೇಶ ಬರುವ ಸಿಮ್‌ಗೆ ರೋಮಿಂಗ್ ಇದೆಯೇ ಎಂದೂ ಹೊರಡುವ ಮೊದಲೇ ನೋಡಿಕೊಳ್ಳಿ.

ಹನೋಯ್‌ನ ನೊಯಿ ಬಾಯಿ ನಿಲ್ದಾಣದಲ್ಲಿ ಇಳಿದ ಮೇಲೆ ಅಲ್ಲಿನ ಬ್ಯಾಂಕ್ ಕೌಂಟರಿನಲ್ಲಿ 100 ಡಾಲರ್ ಮಾತ್ರ ಬದಲಿಸಿ. ಟ್ಯಾಕ್ಸಿ, ಸಿಮ್, ಮೊದಲ ದಿನದ ಊಟಕ್ಕೆ ಅದು ಸಾಲುತ್ತದೆ. ಮಿಕ್ಕದ್ದನ್ನು ನಗರದ ಬ್ಯಾಂಕಿನಲ್ಲೋ ಪರವಾನಗಿಯಿರುವ ಕೌಂಟರಿನಲ್ಲೋ ಎರಡು ಮೂರು ಕಂತಿನಲ್ಲಿ ಬದಲಿಸಿಕೊಳ್ಳಿ, ಪಾಸ್‌ಪೋರ್ಟ್ ಜೊತೆಗಿರಲಿ. ಹನೋಯ್‌ನ ಚಿನ್ನದಂಗಡಿಗಳಲ್ಲಿ ದರ ಚೆನ್ನಾಗಿದೆಯೆಂದು ನಿಮಗೆ ಅನೇಕರು ಹೇಳುತ್ತಾರೆ, ದರ ಚೆನ್ನಾಗಿರುವುದೂ ನಿಜ. ಆದರೆ ಪರವಾನಗಿ ಇಲ್ಲದ ಅಂಗಡಿಯಲ್ಲಿ ಬದಲಿಸುವುದು ಅಲ್ಲಿಯ ಕಾನೂನಿಗೂ ವಿರುದ್ಧ. 2018ರಲ್ಲಿ ಕಾನ್ ಥೊ ನಗರದಲ್ಲಿ ಒಂದೇ ಒಂದು 100 ಡಾಲರಿನ ನೋಟನ್ನು ಅಂಥ ಅಂಗಡಿಯಲ್ಲಿ ಬದಲಿಸಿದ ಸ್ಥಳೀಯನೊಬ್ಬನಿಗೆ 9 ಕೋಟಿ ಡಾಂಗ್ ದಂಡ ಹಾಕಿದ್ದು ದೊಡ್ಡ ಸುದ್ದಿಯಾಗಿತ್ತು. ಮುಂದೆ ಆ ದಂಡವನ್ನು ಮನ್ನಾ ಮಾಡಿದರೂ, ಉಳಿಯುವ ನೂರಿನ್ನೂರು ರೂಪಾಯಿಗಾಗಿ ಆ ಪಾಡು ನಿಮಗೆ ಬೇಕಿಲ್ಲ.

ಡಾಂಗ್ ಕೈಗೆ ಬಂದ ಮೇಲೆ ಮೊದಲ ದಿನದ ತೊಡಕು ಸೊನ್ನೆಗಳದ್ದು. ಮೂರು ಸೊನ್ನೆ ತೆಗೆದು ಮೂರೂವರೆಯಿಂದ ಗುಣಿಸಿದರೆ ಹೆಚ್ಚು ಕಡಿಮೆ ರೂಪಾಯಿ ಸಿಗುತ್ತದೆ. 1,00,000 ಡಾಂಗ್ ಎಂದರೆ 350ರ ಸಮೀಪ. ಬೀದಿಯ ವ್ಯಾಪಾರಿ ಐವತ್ತು ಎಂದರೆ ಐವತ್ತು ಸಾವಿರ ಎಂದು ಅರ್ಥ. ಅಲ್ಲಿ ನಾಣ್ಯಗಳ ಚಲಾವಣೆ ನಿಂತುಹೋಗಿದೆ, ಎಲ್ಲವೂ ನೋಟೇ. 10,000 ಮತ್ತು ಮೇಲಿನವು ಪ್ಲಾಸ್ಟಿಕ್ಕಿನಂಥ ಪಾಲಿಮರ್, ಹೊಸವು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಎಣಿಸುವಾಗ ಬೆರಳಿನಿಂದ ಬಿಡಿಸಿ. ಅತ್ಯಂತ ಎಚ್ಚರ ಬೇಕಾದದ್ದು ನೀಲಿ ಛಾಯೆಯ ಎರಡು ನೋಟುಗಳ ಬಗ್ಗೆ: 20,000 ಮತ್ತು 5,00,000. ಎರಡರ ಮುಂಬದಿಯಲ್ಲೂ ಹೋ ಚಿ ಮಿನ್ ಅವರ ಚಿತ್ರ, ಸಂಜೆಯ ಮಂದ ಬೆಳಕಿನಲ್ಲಿ, ಟ್ಯಾಕ್ಸಿಯೊಳಗೆ ಎರಡೂ ಒಂದೇ ಎನ್ನಿಸುತ್ತವೆ. ತಿರುಗಿಸಿ ನೋಡಿದರೆ ಇಪ್ಪತ್ತು ಸಾವಿರದ್ದರಲ್ಲಿ ನೀವು ನೋಡಲಿರುವ ಹೊಯಿ ಆನ್‌ನ ಜಪಾನೀ ಮುಚ್ಚುಸೇತುವೆ, ಐದು ಲಕ್ಷದ್ದರಲ್ಲಿ ಹೋ ಚಿ ಮಿನ್ ಅವರ ಹುಟ್ಟೂರಿನ ಮನೆ; ಐದು ಲಕ್ಷದ ನೋಟು ಉದ್ದವೂ ಹೆಚ್ಚು. ಒಂದರ ಬದಲು ಇನ್ನೊಂದು ಕೊಟ್ಟರೆ ಸಾವಿರದ ಆರುನೂರಕ್ಕೂ ಹೆಚ್ಚು ರೂಪಾಯಿ ಹೋಯಿತು. ಐದು ಲಕ್ಷದವನ್ನು ಪರ್ಸಿನ ಬೇರೆ ಜೇಬಿನಲ್ಲಿಡಿ. ಕೊಡುವಾಗ ಮೊತ್ತವನ್ನು ಬಾಯಿಬಿಟ್ಟು ಹೇಳಿ ಕೊಡಿ.

ಉಳಿದ ಹಣದ ವಿಷಯದಲ್ಲಿ ಡಾಂಗ್‌ಗೂ ಡಾಲರಿಗೂ ಬೇರೆ ಬೇರೆ ಉತ್ತರ. ಡಾಂಗನ್ನು ಭಾರತಕ್ಕೆ ತಂದರೆ ಕೊಳ್ಳುವವರು ಸಿಗುವುದು ಕಷ್ಟ, ಸಿಕ್ಕರೂ ದರ ಹೀನಾಯ. ಆದ್ದರಿಂದಲೇ ಕಂತುಗಳಲ್ಲಿ ಬದಲಿಸಿ ಎಂದೆ: ಕೊನೆಯ ಎರಡು ದಿನ ಹೊಸದಾಗಿ ಬದಲಿಸದೆ, ಕೈಯಲ್ಲಿರುವುದನ್ನು ಮೊದಲು ಕರಗಿಸಿ, ಸಾಲದಿದ್ದುದಕ್ಕೆ ಕಾರ್ಡು ಬಳಸಿ. ಹೆಚ್ಚು ಉಳಿದರೆ ಹೊರಡುವ ಮೊದಲು ಅಲ್ಲಿಯೇ ಡಾಲರಿಗೆ ಬದಲಿಸಬೇಕಾಗುತ್ತದೆ, ಅದಕ್ಕೆ ಮೊದಲು ಬದಲಿಸಿದ ರಸೀದಿ ಕೇಳಬಹುದು, ಎಸೆಯದೆ ಇಟ್ಟುಕೊಳ್ಳಿ. ಡಾಲರ್ ಉಳಿದರೆ ಚಿಂತೆಯಿಲ್ಲ. ನಿಯಮದ ಪ್ರಕಾರ ಹಿಂದಿರುಗಿದ 180 ದಿನಗಳೊಳಗೆ ಬಳಸದ ವಿದೇಶಿ ಹಣವನ್ನು ಬ್ಯಾಂಕಿಗೋ ಮನಿ ಚೇಂಜರ್‌ಗೋ ಒಪ್ಪಿಸಬೇಕು, ಆದರೆ 2,000 ಡಾಲರಿನವರೆಗೆ ನೋಟುಗಳನ್ನು ಮುಂದಿನ ಪ್ರವಾಸಕ್ಕೆಂದು ನೀವೇ ಇಟ್ಟುಕೊಳ್ಳಲು ಅವಕಾಶವಿದೆ. ಮತ್ತೆ ವಿದೇಶಕ್ಕೆ ಹೋಗುವ ಯೋಚನೆ ಹತ್ತಿರದಲ್ಲಿದ್ದರೆ ಮಾರಬೇಡಿ, ಮಾರಿ ಮತ್ತೆ ಕೊಳ್ಳುವುದರಲ್ಲಿ ಎರಡು ಸಲ ಅಂತರ ತೆರಬೇಕಾಗುತ್ತದೆ. ನೋಟುಗಳನ್ನು ಮಡಚದೆ, ಕೊಂಡ ರಸೀದಿಯೊಂದಿಗೆ ಒಂದು ಲಕೋಟೆಯಲ್ಲಿ ಚಪ್ಪಟೆಯಾಗಿಡಿ.